ಸುರಪುರ ಸೀಮೆಗೆ ಬಂದ ಗಿಡಗಳು, ಅವನ್ನು ಎಣಿಸಿದ ಜನರು

ಕೃಷ್ಣಾನದಿಯು ನಾರಾಯಣಪುರದ ಬಸವಸಾಗರವನ್ನು ಹಿಂದೆ ಬಿಟ್ಟು, ಬಂಡೆಗಳ ನಡುವೆ ಹಲವು ಕವಲಾಗಿ ಒಡೆದು, ಗಡ್ಡಿಗಳನ್ನು ಬಳಸಿ, ಮತ್ತೆ ಒಂದಾಗಿ ಪೂರ್ವಾಭಿಮುಖವಾಗಿ ಹರಿಯುವ ಎಡೆಯಲ್ಲಿ, ಅದರ ಎಡದಂಡೆಯ ಮೇಲೆ, ಸುರಪುರ ತಾಲೂಕಿಗೆ ಸೇರಿದ ತಿಂಥಣಿಯೆಂಬ ಗ್ರಾಮವಿದೆ. ಮೌನೇಶ್ವರನೆಂಬ ಅನುಭಾವಿಯು ಇಲ್ಲಿಯೇ ಐಕ್ಯನಾದನೆಂದು ನಂಬಿ, ಹಿಂದೂ ಮುಸಲ್ಮಾನರೆಂಬ ಭೇದವನ್ನೆಣಿಸದೆ ನಾನಾ ಸಮುದಾಯದ ಜನರು ಬಂದು ನಡೆದುಕೊಳ್ಳುವ ಈ ಕ್ಷೇತ್ರದ ಮಹಿಮೆಯನ್ನು ಹೇಳುವ ಬರಹಗಳು ಸಾಕಷ್ಟಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸಹೋಗುವುದಿಲ್ಲ. ನಾನು ಹೇಳಹೊರಟಿರುವುದು ಆ ಜಾತ್ರೆಗೆ ಬರುವ ಜನರ ಬುತ್ತಿಯಲ್ಲಿಯೂ ಅವರು ನಡೆದು ಬರುವ ದಾರಿಯ ಮಗ್ಗುಲಲ್ಲಿಯೂ ಇರುವ ಗಿಡಗಳ ಚರಿತ್ರೆಯನ್ನು. ಜೋಳದ ರೊಟ್ಟಿಯ ಮೂಲಸ್ಥಾನವು ಆಫ್ರಿಕಾ ಖಂಡ. ಜಾತ್ರೆಯ ಮಿರ್ಚಿಯೊಳಗಿನ ಮೆಣಸಿನಕಾಯಿಯೂ ಅದನ್ನು ಕರಿದ ಶೇಂಗಾದ ಎಣ್ಣೆಯೂ ಅಮೆರಿಕ ಖಂಡದ ಸಂತಾನ. ಉಂಡವನು ನೆರಳಿಗಾಗಿ ಒರಗುವ ಹುಣಸೆಯ ಮರದ ಪೂರ್ವಿಕರು ಕೂಡ ಆಫ್ರಿಕಾದವರೆಂದೇ ಸಸ್ಯಶಾಸ್ತ್ರಜ್ಞರ ಅಭಿಮತ. ದಾರಿಯ ಎರಡೂ ಬದಿಗೆ ಅಂಗಿಯನ್ನು ಹಿಡಿದೆಳೆಯುವ ಬಳ್ಳಾರಿ ಜಾಲಿಯೂ ಅದರಾಚೆಯ ಬಯಲಿನಲ್ಲಿ ಬಿಳಿಯ ಹೂವು ಹೊತ್ತು ನಿಂತ ಕಾಂಗ್ರೆಸ್ ಕಸವೂ ಅಮೆರಿಕದವೇ ಸರಿ. ಇವುಗಳಲ್ಲಿ ಕೆಲವನ್ನು ನಮ್ಮವೆಂದು ಪೂಜಿಸುತ್ತೇವೆ, ಕೆಲವನ್ನು ಪೀಡೆಯೆಂದು ಶಪಿಸುತ್ತೇವೆ. ಗಿಡವು ಹುಟ್ಟಿದ ಊರಿಗಿಂತ ಅದು ಬಂದ ಬಗೆ, ಬಂದ ಕಾಲ, ಬಂದಮೇಲೆ ನಾವು ಅದಕ್ಕೆ ಮಾಡಿಕೊಟ್ಟ ಎಡೆ, ಇವುಗಳೇ ಈ ಭೇದಕ್ಕೆ ಕಾರಣವೆಂಬುದು ನನ್ನ ಅಭಿಪ್ರಾಯ. ಆದುದರಿಂದಲೇ ಇಂಥ ಸಸ್ಯಗಳನ್ನೂ ಹವೆಯ ಬದಲಾವಣೆಯನ್ನೂ ಅಭ್ಯಸಿಸುವ ಪರಿಸರವಿಜ್ಞಾನಿಯ ವೃತ್ತಿಯು ಅರ್ಧಪಾಲು ಚರಿತ್ರಕಾರನ ವೃತ್ತಿಯೆಂದು ನಾನು ಎಣಿಸುತ್ತೇನೆ.

ಭೀಮಾ ಕೃಷ್ಣೆಗಳ ನಡುವಣ ಈ ಭೂಭಾಗವನ್ನು ವಿದ್ವಾಂಸರು ಸುರಪುರ ದೋಆಬ್ ಎಂದು ಕರೆಯುವುದುಂಟು. ಈ ನೆಲದಲ್ಲಿ ಮನುಷ್ಯನೂ ಗಿಡಮರಗಳೂ ನೀರೂ ಪರಸ್ಪರ ಹೇಗೆ ಹೊಂದಿಕೊಂಡಿದ್ದವೆಂಬುದನ್ನು ವ್ಯವಸ್ಥಿತವಾಗಿ ಕೇಳಿದವರು, ಯಾರೂ ನಿರೀಕ್ಷಿಸದಂತೆ, ಒಬ್ಬ ಪುರಾತತ್ವಜ್ಞರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿಯೇ ಈ ಸೀಮೆಯ ನವಶಿಲಾಯುಗದ ನೆಲೆಗಳನ್ನು ಹುಡುಕುತ್ತ ಬಂದು, ಮುಂದೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಆದಿಶಿಲಾಯುಗದ ಅಸಂಖ್ಯ ಆಯುಧಗಳನ್ನು ಕಂಡುಹಿಡಿದು, ಇಸಾಂಪುರದಲ್ಲಿ 1997ರಿಂದ ಉತ್ಖನನವನ್ನು ನಡೆಸಿದರು. ಅಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಕಮ್ಮಟವು ಪಶುಗಳ ಹಲ್ಲಿನ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ತೋರಿಬಂದಿದೆ. ಕಾಲದ ಈ ದೈರ್ಘ್ಯಕ್ಕಿಂತಲೂ ನನಗೆ ಮುಖ್ಯವೆನಿಸುವುದು ಅವರು ಹಿಡಿದ ವಿಧಾನ. ಕಲ್ಲುಗಳನ್ನು ಎಣಿಸಿ ತೃಪ್ತರಾಗದೆ, ಕಣಿವೆಯಲ್ಲಿ ಬೇಸಗೆಯಲ್ಲಿಯೂ ಬತ್ತದ ಒರತೆಗಳು ಎಲ್ಲೆಲ್ಲಿವೆ, ಯಾವ ಋತುವಿನಲ್ಲಿ ಯಾವ ಕಾಡುಗೆಡ್ಡೆ ಹಣ್ಣುಹಂಪಲು ದೊರೆಯುತ್ತವೆ ಎಂಬುದನ್ನು ಈಗಿನ ಜನರನ್ನು ಕೇಳಿ ತಿಳಿದುಕೊಂಡು, ಮಳೆಗಾಲದಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿ ಸಸ್ಯಾಹಾರವನ್ನು ಅರಸುತ್ತಿದ್ದ ಜನರು ಬೇಸಗೆಯಲ್ಲಿ ಒರತೆಯ ನೀರಿನ ಬಳಿ ಒಟ್ಟುಗೂಡಿ ಬೇಟೆಯಾಡುತ್ತಿದ್ದಿರಬೇಕೆಂದು ಅವರು ಊಹಿಸಿದರು. ಹವೆಯು ಬದಲಾದರೆ ಬದುಕೂ ಬದಲಾಗುತ್ತದೆಂಬ ಮಾತನ್ನು ಇಂದು ಎಲ್ಲರೂ ಆಡುತ್ತಾರೆ. ಅದನ್ನು ಒಂದು ಹಳ್ಳದ ಪಾತ್ರದಲ್ಲಿ ನಿಂತು ತೋರಿಸುವ ಕಷ್ಟವನ್ನು ವಹಿಸಿಕೊಳ್ಳುವವರು ಕಡಮೆ.

ಅದೇ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ಅಗೆದ ಬೂದಿಗುಡ್ಡವು ನಮ್ಮ ಈಗಿನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಈ ಬಗೆಯ ಗುಡ್ಡಗಳನ್ನು ಕಂಡ ಹತ್ತೊಂಬತ್ತನೆಯ ಶತಮಾನದ ಆಂಗ್ಲರು ಇವು ಜ್ವಾಲಾಮುಖಿಯ ಬೂದಿಯೋ, ಯಾವುದಾದರೂ ಮಹಾಯಾಗದ ಅವಶೇಷವೋ ಎಂದು ತರ್ಕಿಸಿದ್ದುಂಟು. ನವಶಿಲಾಯುಗದ ಗೋಪಾಲಕರು ದನದ ದೊಡ್ಡಿಗಳಲ್ಲಿ ಒಟ್ಟಿದ ಸಗಣಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟುದರಿಂದ ಇವು ಬೆಳೆದುವೆಂದು ಈಗ ವಿದ್ವಾಂಸರೆಲ್ಲ ಒಪ್ಪಿದ್ದಾರೆ. ಇಂದಿಗೆ ನಾಲ್ಕು ಸಾವಿರ ವರ್ಷಗಳ ಆಚೀಚೆ ಈ ಎರೆಯ ನೆಲದಲ್ಲಿ ದನಗಳು ಹಿಂಡುಹಿಂಡಾಗಿ ಮೇಯುತ್ತಿದ್ದುವು ಎಂದರೆ, ಇಲ್ಲಿ ಹುಲ್ಲುಗಾವಲಿತ್ತೆಂದೇ ಅರ್ಥ. ಅಲ್ಲಲ್ಲಿ ಕರಿಜಾಲಿ, ಬಿಳಿಜಾಲಿ, ಬನ್ನಿ, ಬಾರಿ, ಕಾರೆಕಂಟಿಗಳು ಚದುರಿ ನಿಂತ ಹುಲ್ಲುಬಯಲೇ ಈ ಒಣನಾಡಿನ ಸಹಜಸ್ಥಿತಿಯೆಂದೂ, ಅದು ಹಾಳಾದ ಕಾಡಿನ ಉಳಿಕೆಯಲ್ಲವೆಂದೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು ಈಚೆಗೆ ಬಲವಾಗಿ ವಾದಿಸಿದ್ದಾರೆ. ಈ ವಾದವನ್ನು ಲೋಕೋಪಯೋಗಿ ಚಿಂತನೆಯಿಲ್ಲದ ಪಾಂಡಿತ್ಯವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಹುಲ್ಲುಗಾವಲನ್ನು ಬೀಳು ಎಂದು ಬರೆದಿಟ್ಟ ಕಂದಾಯದ ದಫ್ತರವೇ ಅದರ ಮೇಲೆ ಬೇರೆ ದೇಶದ ಮರಗಳನ್ನು ನೆಡುವ ಪುಣ್ಯಕಾರ್ಯಕ್ಕೆ ಮುಂದೆ ಅನುಮತಿಯನ್ನೂ ಕೊಟ್ಟಿತು.

ಆ ಗೋಪಾಲಕರು ಬೆಳೆಯುತ್ತಿದ್ದ ಧಾನ್ಯಗಳಲ್ಲಿ ಹುರುಳಿ, ಹೆಸರು, ಕೊರಲೆಗಳು ಈ ಪರ್ಯಾಯದ್ವೀಪದವೇ ಆಗಿದ್ದುವು. ಜೋಳವೂ ಸಜ್ಜೆಯೂ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಆಫ್ರಿಕಾದಿಂದ ಬಂದು ಇವುಗಳ ಪಕ್ಕದಲ್ಲಿ ಕುಳಿತುವು. ಬಿತ್ತಿದಲ್ಲದೆ ಬೆಳೆಯದ, ಹೊಲದ ಬದುವನ್ನು ದಾಟಿ ಹೋಗದ ಈ ಅತಿಥಿಗಳು ಕ್ರಮೇಣ ಮನೆಯವರೇ ಆದರು. ಹಿಂಗಾರಿ ಜೋಳವಿಲ್ಲದ ಸುರಪುರ ಶಹಾಪುರಗಳನ್ನು ಇಂದು ಕಲ್ಪಿಸಿಕೊಳ್ಳುವುದೂ ಸಾಧ್ಯವಿಲ್ಲ.

ಸುರಪುರದ ಬೇಡನಾಯಕರ ಕಾಲಕ್ಕೆ ಬಂದರೆ, ಬದುವನ್ನು ದಾಟುವ ಗಿಡದ ಪರಿಚಯವಾಗುತ್ತದೆ. ಅದು ಡಬ್ಬುಗಳ್ಳಿ, ಉಳಿದೆಡೆಯವರು ಪಾಪಾಸುಕಳ್ಳಿಯೆನ್ನುವುದೂ ಇದನ್ನೇ. ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳಿಂದ ಯೂರೋಪಿಯನ್ನರ ಹಡಗುಗಳೊಡನೆ ಬಂದ ಈ ಕಳ್ಳಿಯ ಹಲವು ಜಾತಿಗಳು ದಖ್ಖನಿನ ಹಳ್ಳಿಹಳ್ಳಿಗಳಲ್ಲಿ ಊರಬೇಲಿಯಾಗಿ ಹಬ್ಬಿಕೊಂಡುವು. 1705ರಲ್ಲಿ ವೃದ್ಧ ಔರಂಗಜೇಬನೇ ಸ್ವತಃ ಮುತ್ತಿಗೆ ಹಾಕಬೇಕಾಗಿ ಬಂದ ವಾಗಣಗೇರಾದ ಬೇಡನಾಯಕರ ನಾಡಿನಲ್ಲಿ ಮುಳ್ಳಿನ ಬೇಲಿಯ ಉಪಯೋಗವನ್ನು ಜನರಿಗೆ ಯಾರೂ ಹೊಸದಾಗಿ ಕಲಿಸಿಕೊಡಬೇಕಾಗಿರಲಿಲ್ಲ. ಆದರೆ ಬೇಲಿಯೇ ಹೊಲವನ್ನು ಮೇಯಲಾರಂಭಿಸಿದಾಗ ಉಪಾಯವೇನು? ಅದು ದೊರೆತ ಬಗೆಯು ವಿಜ್ಞಾನದ ಚರಿತ್ರೆಯಲ್ಲಿ ಹಾಸ್ಯಪ್ರಸಂಗವೆಂದೇ ಎಣಿಸತಕ್ಕದ್ದು. ಕಿರಮಂಜಿಯ ಕೆಂಪು ಬಣ್ಣದ ವ್ಯಾಪಾರದಲ್ಲಿ ಸ್ಪೇನಿನವರೊಡನೆ ಸ್ಪರ್ಧಿಸಬೇಕೆಂಬ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯು ಬಣ್ಣದ ಹುಳುವಿಗೆ ಬಹುಮಾನವನ್ನು ಸಾರಿದ್ದಿತು. 1795ರಲ್ಲಿ ನೀಲ್ಸನ್ ಎಂಬ ಕಪ್ತಾನನು ಬ್ರೆಜಿಲಿನಿಂದ ಕಲ್ಕತ್ತೆಗೆ ತಂದ ಹುಳುವು ಬಣ್ಣಕ್ಕೆ ಬಾರದ ಬೇರೊಂದು ಜಾತಿಯದಾಗಿ, ಕಂಪನಿಗೆ ಲಾಭವನ್ನು ಕೊಡಲಿಲ್ಲವಾದರೂ ಒಂದು ಜಾತಿಯ ಕಳ್ಳಿಯನ್ನು ತಿಂದು ತೇಗಿತು. ಪೀಡೆಯ ಗಿಡಕ್ಕೆ ಅದರ ತವರಿನ ಶತ್ರುವನ್ನು ಕರೆತರಬೇಕೆಂಬ ತತ್ತ್ವವು ಲೋಕಕ್ಕೆ ಹೀಗೆ ಆಕಸ್ಮಿಕವಾಗಿ ಪ್ರಾಪ್ತವಾಯಿತು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಆ ಹುಳುವನ್ನು ಬುದ್ಧಿಪೂರ್ವಕವಾಗಿಯೇ ದಕ್ಷಿಣಕ್ಕೆ ಒಯ್ದರು. 1926ರಲ್ಲಿ ಸಿಂಹಳದ ಮೂಲಕ ತಂದ ಇನ್ನೊಂದು ಜಾತಿಯ ಹುಳುವು ಉಳಿದ ಡಬ್ಬುಗಳ್ಳಿಯ ಹಾವಳಿಯನ್ನು ಕೆಲವೇ ವರ್ಷಗಳಲ್ಲಿ ತಗ್ಗಿಸಿತು.

ಸುರಪುರದ ಚರಿತ್ರೆಯನ್ನು ಬರೆಯುವವರು ಫಿಲಿಪ್ ಮೆಡೋಸ್ ಟೇಲರನನ್ನು ಬಿಟ್ಟು ಮುಂದೆ ಹೋಗಲಾರರು; ನಾನೂ ಹೋಗಲಾರೆ. ನಿಜಾಮನ ಸೈನ್ಯದಲ್ಲಿದ್ದ ಈ ಆಂಗ್ಲನು 1841ರಲ್ಲಿ ಸುರಪುರಕ್ಕೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡನು. ರಾಜನಕೋಳೂರಿನ ಬೃಹಚ್ಛಿಲಾ ಸಮಾಧಿಗಳನ್ನು ಅಳೆದು ಚಿತ್ರಿಸಿ ವಿದ್ವತ್ಸಭೆಗಳಿಗೆ ತಿಳಿಸಿದವನೂ, ಕೆರೆಗಳ ಕೆಲಸದಲ್ಲಿ ಆಸಕ್ತಿ ವಹಿಸಿದವನೂ, ಗುಡ್ಡದ ಮೇಲೆ ಇಂದಿಗೂ ನಿಂತಿರುವ ಬಂಗಲೆಯನ್ನು ಕಟ್ಟಿಸಿದವನೂ ಅವನೇ. 1857ರ ಸಂಗ್ರಾಮದ ಮರುವರ್ಷ ವೆಂಕಟಪ್ಪ ನಾಯಕನು ಬಂಧಿತನಾಗಿ ಮಡಿದುದೂ, ಸಂಸ್ಥಾನವು ಅಳಿದುದೂ ಓದುಗರು ಬಲ್ಲ ಸಂಗತಿಗಳು. ಟೇಲರನು ತೀರಿಕೊಂಡದ್ದು 1876ರಲ್ಲಿ. ಅದೇ ವರ್ಷ ದಖ್ಖನಿನ ಮೇಲೆ ಮುಂಗಾರು ಹಿಂಗಾರುಗಳೆರಡೂ ಮುನಿದು, ಧಾತು ಈಶ್ವರ ಸಂವತ್ಸರಗಳ ಬರವೆಂದು ಜನರ ನಾಲಗೆಯಲ್ಲಿ ನಿಂತ ಆ ಘೋರ ಕ್ಷಾಮವು ಆರಂಭವಾಯಿತು. ಅದೇ ವರ್ಷ ಮದರಾಸು ಪ್ರಾಂತದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮನು, ಒಣಸೀಮೆಗಳಲ್ಲಿ ನೆಡಲು ಅಮೆರಿಕದ ಜಾಲಿಯ ಬೀಜಗಳನ್ನು ತರಿಸಿಕೊಡಬೇಕೆಂದು ಸರಕಾರಕ್ಕೆ ಬರೆದನು. ಜಮೈಕಾ ದ್ವೀಪದಿಂದ ಬಂದ ಬೀಜಗಳನ್ನು ಕಡಪಾ ಜಿಲ್ಲೆಯ ಕಮಲಾಪುರದಲ್ಲಿ 1877-78ರ ಸುಮಾರಿಗೆ ಬಿತ್ತಿದರು. ಬಳ್ಳಾರಿ ಜಾಲಿಯ ಭಾರತೀಯ ವಂಶಾವಳಿಯು ಅಲ್ಲಿಂದ ಮೊದಲಾಗುತ್ತದೆ.

ಈ ಅರಣ್ಯಾಧಿಕಾರಿಯನ್ನು ಇಂದು ಖಳನಂತೆ ಚಿತ್ರಿಸುವುದು ಸುಲಭ. ಹಸಿವಿನಿಂದ ದನಗಳೂ ಜನರೂ ಸಾಯುತ್ತಿದ್ದ ಕಾಲದಲ್ಲಿ, ಮಳೆಯಿಲ್ಲದೆಯೂ ಬದುಕುವ, ಉಪ್ಪುನೆಲದಲ್ಲಿಯೂ ಬೇರೂರುವ, ವರ್ಷಕ್ಕೆ ವರ್ಷ ಸೌದೆ ಕೊಡುವ ಮರವೊಂದನ್ನು ಅವನು ಬಯಸಿದ್ದರಲ್ಲಿ ತಪ್ಪೇನೂ ನನಗೆ ಕಾಣದು. ಅವನು ಬಯಸಿದುದನ್ನೆಲ್ಲ ಆ ಮರವು ಕೊಟ್ಟಿತು, ಕೇಳದುದನ್ನೂ ಕೊಟ್ಟಿತು. ಅದರ ಎಲೆಯನ್ನು ಆಡು ಕೂಡ ಮೂಸಿ ಬಿಡುತ್ತದೆ, ಕಾಯಿಯಾದರೋ ಸಿಹಿ. ಕುರಿ ಆಡು ದನಗಳು ಕಾಯಿಯನ್ನು ತಿಂದು, ಗಟ್ಟಿಯಾದ ಬೀಜವನ್ನು ಅರಗಿಸಲಾರದೆ, ಸಗಣಿ ಹಿಕ್ಕೆಗಳೊಡನೆ ಬೇರೊಂದು ಬಯಲಿನಲ್ಲಿ ಬಿಡುತ್ತವೆ. ಗೊಬ್ಬರದ ಹಾಸಿಗೆಯಲ್ಲಿಯೇ ಬೀಜವು ಮೊಳೆಯುತ್ತದೆ. ಬೂದಿಹಾಳದ ಗೋಪಾಲಕರು ತಮ್ಮ ಚರಿತ್ರೆಯನ್ನು ಯಾವ ಸಗಣಿಯಲ್ಲಿ ಬಿಟ್ಟುಹೋದರೋ ಅದೇ ಸಗಣಿಯು ನಾಲ್ಕು ಸಹಸ್ರ ವರ್ಷಗಳ ಮೇಲೆ, ಅವರ ಹುಲ್ಲುಗಾವಲನ್ನು ಮುಚ್ಚಿಹಾಕುವ ಮರಕ್ಕೆ ವಾಹನವಾಯಿತು. ಕಡಿದಷ್ಟೂ ಬುಡದಿಂದ ಹಲವು ಕವಲಾಗಿ ಚಿಗುರುವುದು ಅದರ ಇನ್ನೊಂದು ಗುಣ. ದಸರೆಯ ದಿನ ನಾವು ಪೂಜಿಸಿ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯೂ ಈ ಜಾಲಿಯೂ ಹತ್ತಿರದ ದಾಯಾದಿಗಳೆಂದು ಬಹುಕಾಲದಿಂದ ಒಂದೇ ಕುಲದಲ್ಲಿಟ್ಟಿದ್ದ ಸಸ್ಯಶಾಸ್ತ್ರಜ್ಞರು 2022ರಲ್ಲಿ ಇವೆರಡನ್ನೂ ಬೇರೆ ಬೇರೆ ಕುಲಗಳಾಗಿ ಭಾಗ ಮಾಡಿಕೊಟ್ಟಿದ್ದಾರೆ; ಹಳೆಯ ಕುಲನಾಮವು ಬನ್ನಿಯ ಪಾಲಿಗೆ ಉಳಿದಿದೆ.

ಈ ಸೀಮೆಯಲ್ಲಿ ಜಾಲಿಗೆ ಅನುಕೂಲವಾದ ಸಂದರ್ಭವನ್ನು ಒದಗಿಸಿದ್ದು ಬರವೊಂದೇ ಅಲ್ಲ, ನೀರೂ ಹೌದು. ಲಾಲ್ ಬಹಾದುರ್ ಶಾಸ್ತ್ರಿಗಳು 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಭಾಗವಾಗಿ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಹರಿದಾಗ, ಜೋಳದ ನಾಡಿನ ಬಹುಭಾಗವು ನೆಲ್ಲಿನ ನಾಡಾಯಿತು. ಸಂಪತ್ತು ಬಂದುದು ನಿಜ. ಬಡಕುಟುಂಬಗಳ ಮಕ್ಕಳು ಶಾಲೆಯನ್ನು ಕಂಡುದೂ ನಿಜ. ಅದರೊಡನೆ, ಎರೆಭೂಮಿಗೆ ಅತಿಯಾಗಿ ನೀರು ಕಟ್ಟಿದೆಡೆಗಳಲ್ಲಿ ಸವಳು ಜವಳು ಕಾಣಿಸಿಕೊಂಡು, ಬೆಳೆ ಬಾರದೆ ಬಿಟ್ಟ ಮಡಿಗಳಲ್ಲಿಯೂ ಕಾಲುವೆಯ ಏರಿಗಳಲ್ಲಿಯೂ ಹಳ್ಳದ ದಡಗಳಲ್ಲಿಯೂ ಉಪ್ಪಿಗೆ ಅಂಜದ ಈ ಜಾಲಿಯು ಸುಖವಾಗಿ ನೆಲೆಸಿತು. ನದಿಯ ಒಡಲಿನಲ್ಲಿಯೂ ಇಂಥದೇ ಪಲ್ಲಟವಾಗಿದೆ: ಅಂಬಿಗರ ಬಲೆಗೆ ಬೀಳುವ ಜಿಲೇಬಿ ಮೀನು 1952ರಲ್ಲಿ ದೇಶಕ್ಕೆ ತರಿಸಿಕೊಂಡ ಆಫ್ರಿಕಾದ ಮೀನು. ಅದರ ಕಥೆ ಬೇರೆಯೇ ಆದುದರಿಂದ ಇಲ್ಲಿಗೆ ಬಿಡುತ್ತೇನೆ.

ಕಾಂಗ್ರೆಸ್ ಕಸದ ಚರಿತ್ರೆಯಲ್ಲಿ ಕರ್ನಾಟಕದ ವಿಜ್ಞಾನಿಗಳ ಪಾತ್ರವು ದೊಡ್ಡದು. ಆದುದರಿಂದ ಅಲ್ಲಿ ಸ್ವಲ್ಪ ನಿಲ್ಲುವುದು ನ್ಯಾಯ. ಅಮೆರಿಕದಿಂದ ಬಂದ ಗೋಧಿಯ ಮೂಟೆಗಳೊಡನೆ ಈ ಕಸವೂ ಬಂದಿತೆಂದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. 1955ರಲ್ಲಿ ಪುಣೆಯಲ್ಲಿ ಕಂಡುಬಂದು ಮರುವರ್ಷ ಆರ್. ಎಸ್. ರಾವ್ ಎಂಬ ಸಸ್ಯಶಾಸ್ತ್ರಜ್ಞರು ವರದಿ ಮಾಡಿದ ಮೇಲೆ ಅದು ಕಾಳ್ಗಿಚ್ಚಿನಂತೆ ಹಬ್ಬಿದುದು ಸತ್ಯವೇ. ಆದರೆ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗನು ಸಿದ್ಧಪಡಿಸಿ 1814ರಲ್ಲಿ ಪ್ರಕಟವಾದ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿಯೇ ಇದರ ಹೆಸರಿರುವುದನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ನೂರನಾಲ್ವತ್ತು ವರ್ಷಗಳಿಗೂ ಮಿಕ್ಕಿ ಮೂಲೆಯಲ್ಲಿ ಮೌನವಾಗಿದ್ದ ಗಿಡವು ಹೊಸದೊಂದು ಮಾರ್ಗದಿಂದ ಮತ್ತೆ ಬಂದು ನಾಡನ್ನೆಲ್ಲ ಆಕ್ರಮಿಸಿತೋ, ಇದ್ದದ್ದೇ ಅನುಕೂಲ ಕಾಲಕ್ಕಾಗಿ ಕಾದಿತ್ತೋ ಎಂಬಂಥ ಪ್ರಶ್ನೆಗಳನ್ನು ಹಳೆಯ ಒಣಸಸ್ಯಗಳ ಕಡತವಿಲ್ಲದೆ ಕೇಳುವುದಾದರೂ ಹೇಗೆ? ಒಂದೊಂದು ಗಿಡವೂ ಹತ್ತು ಹದಿನೈದು ಸಾವಿರ ಬೀಜಗಳನ್ನು ಉದುರಿಸುವ ಈ ಕಳೆಯನ್ನು ಕರ್ನಾಟಕ ಸರಕಾರವು 1975ರಲ್ಲಿಯೇ ಕಾನೂನಿನ ಪ್ರಕಾರ ಉಪದ್ರವಕಾರಿಯೆಂದು ಘೋಷಿಸಿತು; ಕಳೆಯು ಆ ಘೋಷಣೆಯನ್ನು ಗಮನಿಸಿದಂತೆ ತೋರಲಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆ. ಪಿ. ಜಯಂತ್ ಅವರು 1983ರಲ್ಲಿ ಮೆಕ್ಸಿಕೊದಿಂದ ಈ ಕಸವನ್ನು ತಿನ್ನುವ ಒಂದು ಜೀರುಂಡೆಯನ್ನು ತರಿಸಿ, ನಮ್ಮ ಬೆಳೆಗಳ ಮೇಲೆ ಪರೀಕ್ಷಿಸಿ ನೋಡಿ, ಮರುವರ್ಷ ಬೆಂಗಳೂರಿನ ಬಯಲುಗಳಲ್ಲಿ ಬಿಟ್ಟರು. ಅಂತರಗಂಗೆಯೆಂದು ಜನರು ಕರೆಯುವ ಜಲಕಳೆಗೆ ಸೊಂಡಿಲುಹುಳುಗಳನ್ನು ಬಿಟ್ಟುದೂ ಅವರ ಕಾಲದಲ್ಲಿಯೇ, ಬೆಂಗಳೂರಿನ ಕೆರೆಗಳಲ್ಲಿಯೇ. ಮಳೆಗಾಲದಲ್ಲಿ ಜೀರುಂಡೆಯು ಕಾಂಗ್ರೆಸ್ ಕಸದ ಎಲೆಗಳನ್ನು ಜರಡಿಯಾಗುವಂತೆ ತಿಂದಿತು. ಬೇಸಗೆಯಲ್ಲಿ ಮಣ್ಣೊಳಗೆ ಅಡಗಿತು. ಸೂರ್ಯಕಾಂತಿಯ ಹೊಲದಲ್ಲಿಯೂ ಕಾಣಿಸಿಕೊಂಡಿತೆಂಬ ಸುದ್ದಿ ಹಬ್ಬಿ, ಸಮಿತಿಯೊಂದು ಕುಳಿತು, ಅದನ್ನು ಬಿಡುವ ಕೆಲಸವೇ ಕೆಲವು ವರ್ಷಕಾಲ ನಿಂತುಹೋಯಿತು. ಇತ್ತ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಭತ್ತದ ತಳಿಗಳಿಂದ ಹೆಸರಾದ ಎಂ. ಮಹದೇವಪ್ಪನವರು ಬೇರೊಂದು ದಾರಿಯನ್ನು ಹಿಡಿದರು. ತಗಚೆಯ ಜಾತಿಗೆ ಸೇರಿದ ಒಂದು ಗಿಡವು ತಾನಿದ್ದೆಡೆಯಲ್ಲಿ ಕಾಂಗ್ರೆಸ್ ಕಸವನ್ನು ಏಳಗೊಡದಿರುವುದನ್ನು ಕಂಡು, ಅದರ ಬೀಜವನ್ನು ಬಯಲುಗಳಲ್ಲಿ ಎರಚಬೇಕೆಂದು ಅವರು ಊರೂರಿಗೆ ಹೇಳಿದರು. ಈ ಒಂದೇ ಕಳೆಯನ್ನು ಕುರಿತ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು 1997ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿಯೇ ನೆರೆಯಿತು. ಆ ತಗಚೆಯೂ ಅಮೆರಿಕದಿಂದಲೇ ಬಂದದ್ದೆಂಬುದನ್ನು ನೆನೆದರೆ ನಗೆ ಬರುವುದುಂಟು. ಒಬ್ಬ ಪರದೇಶಿಯನ್ನು ಅಟ್ಟಲು ಇನ್ನೊಬ್ಬ ಪರದೇಶಿಗೆ ಮೊರೆಹೋಗುವ ಈ ನೀತಿಯು ದಖ್ಖನಿನ ರಾಜಕೀಯ ಚರಿತ್ರೆಯನ್ನು ಓದಿದವರಿಗೆ ಅಪರಿಚಿತವಲ್ಲ. ಆದರೂ ಮೈಯೆಲ್ಲ ತುರಿಕೆಯಾಗಿ ಹೊಲದ ಕೆಲಸವನ್ನೇ ಬಿಡಬೇಕಾಗಿ ಬಂದ ಕೂಲಿಯಾಳಿಗೆ ತತ್ತ್ವಶುದ್ಧಿಗಿಂತ ಉಪಶಮನವೇ ದೊಡ್ಡದೆಂಬುದನ್ನು ಮಹದೇವಪ್ಪನವರು ಮರೆಯಲಿಲ್ಲ.

ಇವರೆಲ್ಲ ಕೃಷಿಯ ದಾರಿಯಿಂದ ಬಂದವರು. ಕೇವಲ ಪರಿಸರವಿಜ್ಞಾನವನ್ನೇ ಜೀವನವೃತ್ತಿಯಾಗಿ ಕೈಕೊಳ್ಳುವುದು ನಮ್ಮಲ್ಲಿ ಸಾಧ್ಯವಾದುದು ತೀರ ಈಚೆಗೆ. ಗಿಡಗಳ ಆಕ್ರಮಣವನ್ನು ಶಾಸ್ತ್ರವಾಗಿ ವಿವೇಚಿಸಿದ ಚಾರ್ಲ್ಸ್ ಎಲ್ಟನ್‌ನ ಇಂಗ್ಲಿಷ್ ಗ್ರಂಥವು 1958ರಲ್ಲಿ ಹೊರಬಿತ್ತು. ಮಾಧವ ಗಾಡ್ಗೀಳರ ಪ್ರಯತ್ನದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರವಿಜ್ಞಾನ ಕೇಂದ್ರವು ಸ್ಥಾಪಿತವಾದದ್ದು 1983ರಲ್ಲಿ. ಅಲ್ಲಿಯ ರಾಮನ್ ಸುಕುಮಾರರು ಆನೆಗಳ ಅಧ್ಯಯನದಿಂದ ಲೋಕಪ್ರಸಿದ್ಧರು. ನನ್ನ ದೃಷ್ಟಿಗೆ ಅವರ ಹಿರಿಯ ಕೆಲಸಗಳು ಬೇರೆ ಎರಡು. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಕಾಡಿನಲ್ಲಿ 1988ರಲ್ಲಿ 50 ಹೆಕ್ಟೇರಿನ ಒಂದು ಪ್ರದೇಶವನ್ನು ಗುರುತು ಹಾಕಿ, ಕಿರುಬೆರಳಿನಷ್ಟಾದರೂ ದಪ್ಪವಾದ ಪ್ರತಿಯೊಂದು ಗಿಡಕ್ಕೂ ಸಂಖ್ಯೆಯನ್ನು ಕೊಟ್ಟು, ಅಂದಿನಿಂದ ಅವುಗಳ ಹುಟ್ಟುಸಾವುಗಳನ್ನು ಬರೆದಿಡುತ್ತ ಬಂದದ್ದು ಒಂದು. ನೀಲಗಿರಿಯ ಜೌಗುನೆಲದ ಕೊಳೆತ ಸಸ್ಯರಾಶಿಯನ್ನು ಪದರಪದರವಾಗಿ ಪರೀಕ್ಷಿಸಿ, ಕಳೆದ ಇಪ್ಪತ್ತು ಸಾವಿರ ವರ್ಷಗಳಲ್ಲಿ ಅಲ್ಲಿ ಹುಲ್ಲು ಯಾವಾಗ ಹೆಚ್ಚಿತು, ಮರಗಳು ಯಾವಾಗ ಹೆಚ್ಚಿದುವು, ಅಂದರೆ ಮಳೆಗಾಲವು ಯಾವಾಗ ಬಲವಾಗಿತ್ತು, ಯಾವಾಗ ಕುಗ್ಗಿತ್ತು ಎಂಬುದನ್ನು ಸಹೋದ್ಯೋಗಿಗಳೊಡನೆ 1993ರಲ್ಲಿ ಪ್ರಕಟಿಸಿದುದು ಇನ್ನೊಂದು. ಉಷ್ಣವಲಯದ ಹುಲ್ಲುಗಳೂ ಮರಗಳೂ ಗಾಳಿಯಿಂದ ಇಂಗಾಲವನ್ನು ಹಿಡಿದುಕೊಳ್ಳುವ ಮಾರ್ಗಗಳು ಬೇರೆ ಬೇರೆಯಾಗಿದ್ದು, ಆ ಭೇದದ ಗುರುತು ಕೊಳೆತ ಮೇಲೂ ಅಳಿಯದೆ ಉಳಿಯುವುದರಿಂದ ಇಂಥ ಗಣನೆಯು ಸಾಧ್ಯವಾಯಿತು.

ಆ ಮುದುಮಲೆಯ ತುಂಡಿನಲ್ಲಿಯೇ, ಸುಕುಮಾರರ ಶಿಷ್ಯೆ ಗೀತಾ ರಾಮಸ್ವಾಮಿಯವರು ಲಂಟಾನವೆಂಬ ಪೊದೆಯು 1990ರಿಂದ 2008ರವರೆಗೆ ಹಬ್ಬಿದ ಬಗೆಯನ್ನು ಮಳೆ, ಬೆಂಕಿ ಮತ್ತು ನೆಲದ ಗುಣಗಳೊಡನೆ ಹೋಲಿಸಿ ಅಭ್ಯಸಿಸಿದರು. ಹದಿನೆಂಟು ವರ್ಷಗಳ ಲೆಕ್ಕವನ್ನು ಒಬ್ಬ ವಿದ್ಯಾರ್ಥಿನಿಯು ಒಂದು ಪ್ರಬಂಧದ ಅವಧಿಯಲ್ಲಿ ಕೂಡಿಹಾಕಲಾಗದು; ಹಿಂದಿನವರು ಬರೆದಿಟ್ಟುದರಿಂದಲೇ ಅದು ಆಗಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಅಂಕಿಲಾ ಹಿರೇಮಠ, ಭರತ್ ಸುಂದರಂ ಮೊದಲಾದವರು 1997ರ ಲೆಕ್ಕವನ್ನು 2008ರ ಲೆಕ್ಕದೊಡನೆ ಹೋಲಿಸಿ, ಲಂಟಾನವಿರುವ ಎಡೆಗಳು ಹೆಚ್ಚುಕಡಮೆ ಇಮ್ಮಡಿಯಾದುವೆಂದು ಕಂಡುದೂ ಹೀಗೆಯೇ. ಅಲ್ಲಿನ ಸೋಲಿಗರಾದರೋ ಈ ವಿಷಯವನ್ನು ಯಾರ ಪುಸ್ತಕವನ್ನೂ ನೋಡದೆ ಬಲ್ಲರು. ಬೇಸಗೆಯ ಮೊದಲಲ್ಲಿ ನೆಲದ ಒಣಗಿದೆಲೆಗಳಿಗೆ ತಾವು ಹಚ್ಚುತ್ತಿದ್ದ ತರಗುಬೆಂಕಿಯನ್ನು ಅಭಯಾರಣ್ಯದ ಕಾಯಿದೆ ನಿಲ್ಲಿಸಿದುದರಿಂದಲೇ ಲಂಟಾನವು ತಲೆಯೆತ್ತಿತೆಂಬುದು ಅವರ ನಿಶ್ಚಿತ ಅಭಿಪ್ರಾಯ. ವಿಜ್ಞಾನಿಗಳು ಆ ಮಾತನ್ನು ಬಹುಕಾಲ ಕೇಳಲಿಲ್ಲ, ಈಗ ಕೇಳತೊಡಗಿದ್ದಾರೆ. ಬೆಂಕಿಯು ಎಷ್ಟರಮಟ್ಟಿಗೆ ಕಳೆಯನ್ನು ತಡೆಯುತ್ತದೆ, ಎಷ್ಟರ ಮೇಲೆ ಅದನ್ನೇ ಬೆಳೆಸುತ್ತದೆ ಎಂಬ ವಾದವು ಇನ್ನೂ ಮುಗಿದಿಲ್ಲ.

ಸುರಪುರ ಸೀಮೆಯಲ್ಲಿ ಇಂಥ ಐವತ್ತು ಹೆಕ್ಟೇರನ್ನು ಯಾರೂ ಪ್ರಸಿದ್ಧಿಗೆ ತಂದಿಲ್ಲ. ಹಾಗೆಂದು ಅಡಿಪಾಯವೇ ಇಲ್ಲವೆನ್ನುವುದೂ ತಪ್ಪು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನರು 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಕೋಶವನ್ನು ಪ್ರಕಟಿಸಿ ಹಾಕಿಕೊಟ್ಟ ಮೇಲ್ಪಂಕ್ತಿಯ ಬಳಿಕ, ಗುಲಬರ್ಗಾ ವಿಶ್ವವಿದ್ಯಾಲಯದ ವೈ. ಎನ್. ಸೀತಾರಾಂ, ಕೆ. ಕೋತ್ರೇಶ ಮತ್ತು ಎಸ್. ಬಿ. ಉಪ್ಲಾಂವಕರ್ ಇವರು 2000ದಲ್ಲಿ ಗುಲಬರ್ಗಾ ಜಿಲ್ಲೆಯ ಸಸ್ಯಕೋಶವನ್ನು ಹೊರತಂದರು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಹತ್ತು ವರ್ಷ ಮೊದಲು ಸಿದ್ಧವಾದ ಈ ಗ್ರಂಥದಲ್ಲಿ ಸುರಪುರ ಶಹಾಪುರಗಳ ಗಿಡಗಳೂ ಸೇರಿವೆ. ಸಸ್ಯಕೋಶವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಆದರೂ ನೂರು ವರ್ಷಗಳ ಮೇಲೆ, ಈ ಗಿಡವು ನಮ್ಮ ಬಯಲಿಗೆ ಯಾವಾಗ ಬಂದಿತೆಂದು ಕೇಳುವವನಿಗೆ ಟೇಲರನ ಕಾದಂಬರಿಗಳಿಗಿಂತ ಇದೇ ಹೆಚ್ಚು ನೆರವಾಗುವುದೆಂದು ನಾನು ಬಲ್ಲೆ.

ಈಗ ಹವೆಯ ಮಾತು. ಕೈಗಾರಿಕೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಜೋಳ, ಸಜ್ಜೆ, ಬಯಲಿನ ಹುಲ್ಲು ಇವು ಕಡಮೆ ಅನಿಲದಲ್ಲಿಯೇ ದಕ್ಷವಾಗಿ ಬದುಕಲು ಬಲ್ಲವಾದುದರಿಂದ ಈ ಹೆಚ್ಚಳದಿಂದ ಅವಕ್ಕೆ ದೊರೆಯುವ ಲಾಭ ಅಲ್ಪ. ಜಾಲಿಯಂಥ ಮರಗಳಿಗೆ ದೊರೆಯುವುದು ಹೆಚ್ಚು. ಅಧಿಕ ಅನಿಲದಲ್ಲಿ ಕಾಂಗ್ರೆಸ್ ಕಸವೂ ಪುಷ್ಟವಾಗಿ ಬೆಳೆಯುವುದನ್ನು ಪ್ರಯೋಗಗಳು ತೋರಿಸಿವೆ. ಇದರೊಡನೆ ಮಳೆಯ ನಡತೆಯೂ ಅತಿರೇಕಗಳತ್ತ ವಾಲುತ್ತಿದೆ. 2009ರ ಸೆಪ್ಟೆಂಬರ್ ಅಕ್ಟೋಬರುಗಳ ನಡುವೆ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯನ್ನೂ, 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ದಂಡೆಯ ಹಳ್ಳಿಗಳನ್ನೂ ಹೊಲಗಳನ್ನೂ ಕೊಚ್ಚಿದುದನ್ನೂ ತಿಂಥಣಿಯ ಆಸುಪಾಸಿನವರು ಮರೆತಿರಲಾರರು. ಹೊಳೆಯು ಉಕ್ಕಿದಾಗ ನದಿಯ ನಡುವಣ ನೀಲಕಂಠರಾಯನ ಗಡ್ಡಿಯ ಜನರು ಹೊರಜಗತ್ತಿನಿಂದ ಕಡಿದುಹೋಗುತ್ತಿದ್ದುದುಂಟು. ಮಹಾಪೂರವು ಇಳಿದ ಮೇಲೆ ಬತ್ತಲೆಯಾಗುವ ಮೆಕ್ಕಲುಮಣ್ಣಿನಲ್ಲಿ ಮೊದಲು ಮೊಳೆಯುವುದು ಯಾವ ಗಿಡ ಎಂಬುದರ ಮೇಲೆ ಆ ದಂಡೆಯ ಮುಂದಿನ ಮೂವತ್ತು ವರ್ಷಗಳ ಚರಿತ್ರೆಯು ನಿಂತಿರುತ್ತದೆ.

ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತೊಗೆಯಬೇಕೆಂಬ ಕೂಗನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬಡವರ ಒಲೆಗೂ ಇಟ್ಟಿಗೆಯ ಭಟ್ಟಿಗೂ ಇದ್ದಲಿನ ಗೂಡಿಗೂ ಆ ಮರವೇ ಇಂದು ಆಧಾರವಾಗಿರುವಾಗ, ಅದನ್ನು ತೆಗೆಯುವವನು ಮೊದಲು ಸೌದೆಯ ಪ್ರಶ್ನೆಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಉಳಿದ ಕರಿಜಾಲಿ ಬನ್ನಿಗಳ ಮೇಲೆಯೇ ಕೊಡಲಿ ಬೀಳುವುದು ಖಂಡಿತ. ಹುಲ್ಲುಗಾವಲು ಇನ್ನೂ ಉಳಿದಿರುವ ಎಡೆಗಳಲ್ಲಿ ಎಳೆಯ ಸಸಿಗಳನ್ನು ವರ್ಷವರ್ಷವೂ ಕೀಳಿಸುವುದು, ಈಗಾಗಲೇ ಕಾಡಾಗಿ ಬೆಳೆದೆಡೆಗಳಲ್ಲಿ ಅದನ್ನು ಬೆಳೆಯೆಂದೇ ಎಣಿಸಿ ಸರದಿಯಿಂದ ಕಡಿಯುವುದು, ಇಷ್ಟೇ ಸದ್ಯಕ್ಕೆ ವಿವೇಕವೆಂದು ತೋರುತ್ತದೆ.

ಲಂಟಾನದ ಅಧ್ಯಯನವನ್ನು ಮುಗಿಸಿದ ಗೀತಾ ರಾಮಸ್ವಾಮಿಯವರು ಮುಂದೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯಲ್ಲಿ ಸೀಸನ್‌ವಾಚ್ ಎಂಬ ಕಾರ್ಯದ ಹೊಣೆಯನ್ನು ಹೊತ್ತರು. ಶಾಲೆಯ ಮಕ್ಕಳೂ ಗೃಹಸ್ಥರೂ ತಮ್ಮ ಮನೆಯ ಬಳಿಯ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ನೋಡಿ ಬರೆದು ಕಳುಹಿಸಿದರೆ, ಹವೆಯ ಬದಲಾವಣೆಗೆ ಮರಗಳು ಹೇಗೆ ಓಗೊಡುತ್ತಿವೆಯೆಂಬುದು ಕಾಲಕ್ರಮದಲ್ಲಿ ತಿಳಿದೀತೆಂಬುದು ಅದರ ಆಶಯ. ಬೇವು ಹುಣಸೆಗಳಂಥ ನಮ್ಮ ನಿತ್ಯದ ಮರಗಳೂ ಅದರ ಪಟ್ಟಿಯಲ್ಲಿವೆ. ಸುರಪುರ, ಶಹಾಪುರ, ಹುಣಸಗಿ ತಾಲೂಕುಗಳ ಶಿಕ್ಷಕರು ಒಂದೊಂದು ಶಾಲೆಯಿಂದ ಒಂದೊಂದು ಮರದ ಲೆಕ್ಕವನ್ನಾದರೂ ಈ ವರ್ಷವೇ ಆರಂಭಿಸಬೇಕೆಂದೂ, ಅದೇ ವಹಿಯ ಇನ್ನೊಂದು ಪುಟದಲ್ಲಿ ಊರ ಗಾಯರಾಣದಲ್ಲಿ ಹೊಸದಾಗಿ ಕಂಡ ಗಿಡದ ಹೆಸರನ್ನೂ ಕಂಡ ದಿನವನ್ನೂ ಬರೆದಿಡಿಸಬೇಕೆಂದೂ ಕೇಳಿಕೊಳ್ಳುತ್ತೇನೆ.